ಹತ್ತನೆಯ ದಿನದ ದಾರ

“ಮೂರು, ಎರಡು, ಮೂರು,” ಎಂದರು ಡಾಕ್ಟರಮ್ಮ.

“ಮೂರು, ಎರಡು, ಮೂರು,” ಎಂದು ಹಿಂದಿನಿಂದ ಹೆಣ್ಣುದನಿಯೊಂದು ತಿರುಗಿ ಹೇಳಿತು. ಕಾಗದದ ಮೇಲೆ ಪೆನ್ನು ಸರಿದ ಸದ್ದು ಕೇಳಿಸಿತು.

“ನಾಲ್ಕು, ಮೂರು, ಆರು.”

ಆರು ಎಂಬ ಮಾತಿಗೆ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ನಿಧಾನಪ್ಪನ ಕಾಲಿನ ಹೆಬ್ಬೆರಳು ತಾನಾಗಿ ಮೇಲಕ್ಕೆದ್ದಿತು. ಮೂವತ್ತೆಂಟು ವರ್ಷ ಪೊಲೀಸ್ ಠಾಣೆಗಳಲ್ಲಿ ಕೂತು ಕಂಡವರ ಬಾಯಿ ಬಿಡಿಸಿದ ಮನುಷ್ಯ ಆತ. ಈಗ ಅವನ ಬಾಯಿಯನ್ನೇ ಬಿಡಿಸಿ ಇನ್ಯಾರೋ ಬರೆಸುತ್ತಿದ್ದರು. ಭಗವಂತ ನ್ಯಾಯ ಮಾಡುವಾಗ ಒಮ್ಮೊಮ್ಮೆ ನಗುತ್ತಲೇ ಮಾಡುತ್ತಾನೆ ಎಂದುಕೊಂಡ.

ನಿಧಾನಪ್ಪ ಎಂಬುದು ಠಾಣೆಯವರು ಇಟ್ಟ ಹೆಸರು. ನಿವೃತ್ತಿಯಾದ ಮೇಲೂ ಅದು ಮೈ ಬಿಟ್ಟು ಹೋಗಲಿಲ್ಲ. ಕಳೆದ ವಾರ ಹೊಲಿಗೆಯಾಕೆ ಅವನ ಮೇಜಿನ ಮೇಲೆ ಒಂದು ರೀಡು ತಂದಿಟ್ಟು, ‘ವಾದ್ಯದಂಗಡೀಲಿ ಸಿಕ್ತು, ಇದನ್ನ ಕೆತ್ತಿರೋದು ನಮ್ಮ ಯಜಮಾನ್ರು ಅಣ್ಣ, ಅವರ ಕೈ ನನಗೆ ಗೊತ್ತು’ ಎಂದಂದಿನಿಂದ ಅವನಿಗೆ ನಿದ್ದೆಯಿಲ್ಲ. ಕ್ಲಾರಿಯೋನೆಟ್ಟಿನ ಬಾಯಿಗೆ ಕಟ್ಟುವ ಉಗುರಗಲದ ಬೆತ್ತದ ಸೀಳು ಅದು. ಹೊಸದಾಗಿ ಕೆತ್ತಿದ್ದು. ಅವಳ ಗಂಡ ಊದುವ ಮೇಷ್ಟ್ರು ಹೊಳೆಯ ಪಾಲಾಗಿ ಏಳು ವರ್ಷ ಕಳೆದಿತ್ತು.

ಹೊಲಿಗೆಯಾಕೆ ಈಗ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅರೆತೆರೆದ ಬಾಗಿಲಿನ ಸಂದಿನಲ್ಲಿ ಅವಳ ಮೊಣಕೈ ಮಾತ್ರ ಕಾಣುತ್ತಿತ್ತು. ಆ ಮೊಣಕೈ ಒಂದು ಗಂಟೆಯಿಂದ ಅಲುಗಿರಲಿಲ್ಲ.

“ಇಷ್ಟು ದಿನ ಎಲ್ಲಿದ್ರಿ ಯಜಮಾನ್ರೇ?” ಡಾಕ್ಟರಮ್ಮ ವಸಡಿನ ಸಂದಿನ ಆಳವನ್ನು ಮಿಲಿಮೀಟರಿನಲ್ಲಿ ಅಳೆಯುವ ಕಡ್ಡಿಯನ್ನು ಬಟ್ಟಲಿಗೆ ಹಾಕಿದರು. ಅರವತ್ತು ದಾಟಿದ ಹೆಂಗಸು. ಕನ್ನಡಕದ ಮೇಲೊಂದು ಕನ್ನಡಕ. “ವಸಡಿನ ರೋಗ ಕಳ್ಳನ ಹಾಗೆ. ನೋವು ಕೊಡಲ್ಲ, ಸದ್ದು ಮಾಡಲ್ಲ. ಹಲ್ಲಿಗೂ ವಸಡಿಗೂ ನಡುವೆ ಸಂದು ಮಾಡ್ಕೊಂಡು ಒಳಗೆ ಕೂತಿರತ್ತೆ. ಪೊಲೀಸ್‌ನವರಿಗೆ ಇದನ್ನ ನಾನು ಹೇಳ್ಬೇಕಾ?”

“ಆಂ,” ಎಂದ ನಿಧಾನಪ್ಪ. ಬಾಯಿ ತೆರೆದವನು ಬೇರೇನು ಹೇಳಿಯಾನು?

ಹೊರಗೆ ಫೋನು ಬಡಿದುಕೊಂಡಿತು. ಬರೆಯುತ್ತಿದ್ದ ಹೆಂಗಸು ಎದ್ದು ಹೋಗಿ, ಎರಡು ಮಾತಾಡಿ, ಗೊಣಗುತ್ತ ಬಂದಳು. ಆಕೆಗೆ ರೋಗಿಗಳೆಲ್ಲ ಚೀಟಿಯಕ್ಕ ಎನ್ನುತ್ತಿದ್ದರು. ಬಂದವರಿಗೆ ಚೀಟಿ ಕೊಡುವವಳು, ಡಾಕ್ಟರಮ್ಮ ಹೇಳಿದ್ದನ್ನು ಬರೆಯುವವಳು, ಮತ್ತೆ ಬರಬೇಕಾದವರನ್ನು ಬಿಡದೆ ಕರೆಸುವವಳು, ಮೂರೂ ಅವಳೇ.

“ಮತ್ತೆ ಅದೇ ಮನುಷ್ಯ ಡಾಕ್ಟರಮ್ಮ. ಈ ವಾರದಲ್ಲಿ ಇದು ಮೂರನೇ ಸಲ. ‘ಆ ಕರಗೋ ಔಷಧಿ ಈಗಲೂ ಇಡ್ತೀರಾ, ಮುಂದಿನ ಹಲ್ಲಿಗೆ’ ಅಂತಾನೆ. ಇಡ್ತೀವಿ, ಊಟ ಮಾಡ್ಕೊಂಡು ಬನ್ನಿ ಅಂತೀನಿ. ಫೋನ್ ಇಟ್ಟುಬಿಡ್ತಾನೆ.”

“ಹೆದರಿಕೆ ಇರ್ಬೇಕು ಪಾಪ.”

“ಹೆದರಿಕೆಯವರು ಹೆಸರು ಹೇಳಲ್ಲ, ಸರಿ. ಇವನು ಕೇಳಿದ ಮೇಲೆ ಉಸಿರೂ ಬಿಡಲ್ಲ.”

ನಿಧಾನಪ್ಪ ಅದನ್ನು ಕೇಳಿಸಿಕೊಂಡ. ಆದರೆ ಆಗ ಅವನ ಮನಸ್ಸು ಚೀಟಿಯಕ್ಕನ ಹಿಂದಿದ್ದ ಗಾಜಿನ ಬೀರುವಿನ ಮೇಲಿತ್ತು. ವರ್ಷಕ್ಕೊಂದು ಖಾನೆಯಂತೆ ಹಳೆಯ ಫೈಲುಗಳು ಅಲ್ಲಿ ಮಲಗಿದ್ದವು. ಕೆಳಗಿನಿಂದ ಎರಡನೆಯ ಖಾನೆ, ಏಳು ವರ್ಷದ ಹಿಂದಿನದು, ಅವನಿಗೆ ಬೇಕಾದದ್ದು.

ಡಾಕ್ಟರಮ್ಮ ತಗಡಿನ ಹಾಳೆಯ ಪುಟ್ಟ ಪೊಟ್ಟಣ ಒಡೆದು, ಚಿಮಟದ ತುದಿಯಲ್ಲಿ ಏನನ್ನೋ ಎತ್ತಿ ಹಿಡಿದರು. ಕಿತ್ತಳೆಗೂ ಕಂದಿಗೂ ನಡುವಿನ ಬಣ್ಣ. ಮಗುವಿನ ಕಿರುಬೆರಳ ಉಗುರಿನಷ್ಟು ಅಗಲ.

“ಇದು ಚಿಪ್. ನಾವು ಬಿಲ್ಲೆ ಅಂತೀವಿ. ನಿಮಗೆ ಹೊಟ್ಟೆಗೆ ಮಾತ್ರೆ ಕೊಟ್ರೆ ಮೈಯೆಲ್ಲ ಸುತ್ತಾಡಿ, ಈ ಸಂದಿಗೆ ಬರೋವಾಗ ಏನೂ ಉಳಿದಿರಲ್ಲ. ಇದನ್ನ ಎಲ್ಲಿ ಬೇಕೋ ಅಲ್ಲೇ ಇಟ್ಟುಬಿಡೋದು. ಒಂದು ವಾರ, ಹತ್ತು ದಿನ ಅಲ್ಲೇ ಕೂತು ಸ್ವಲ್ಪಸ್ವಲ್ಪವಾಗಿ ಔಷಧಿ ಬಿಡತ್ತೆ. ಆಮೇಲೆ ತಾನೇ ಕರಗಿಹೋಗತ್ತೆ. ಅಲುಗಬೇಡಿ. ಒದ್ದೆಯಾದ್ರೆ ಕೈಗೇ ಅಂಟ್ಕೊಳ್ಳತ್ತೆ, ಹಟಮಾರಿ.”

ವಸಡಿನೊಳಗೆ ಏನೋ ತಣ್ಣಗೆ ಜಾರಿ ಕೂತಿತು. ನೋವಿರಲಿಲ್ಲ.

“ಆಯ್ತು. ಎರಡು ಗಂಟೆ ಏನೂ ತಿನ್ನೋ ಹಾಗಿಲ್ಲ. ಹತ್ತು ದಿನ ಆ ಜಾಗಕ್ಕೆ ಕಡ್ಡಿ ಹಾಕೋ ಹಾಗಿಲ್ಲ. ತೆಗೆಸೋಕೆ ಬರೋದೂ ಬೇಡ. ಮೊದಲಾದ್ರೆ ದಾರ ಇಡ್ತಿದ್ವಿ. ಹಲ್ಲಿನ ಸುತ್ತ ಹಳದಿ ದಾರ ತುಂಬಿ, ಮೇಲೆ ಅಂಟು ಹಾಕಿ ಕಳಿಸೋದು. ಅದು ಕರಗಲ್ಲ. ಹತ್ತನೇ ದಿನ ಬಂದು ತೆಗೆಸಿಕೊಳ್ಳಲೇಬೇಕು.”

ನಿಧಾನಪ್ಪ ಎದ್ದು ಕೂತ. ಕುರ್ಚಿ ಇನ್ನೂ ಮೇಲೇಳುತ್ತಿತ್ತು. ಅದಕ್ಕಿಂತ ಮೊದಲೇ ಎದ್ದ. ಜೀವಮಾನದಲ್ಲಿ ಆತ ಅಷ್ಟು ಬೇಗ ಎದ್ದದ್ದು ಕಡಿಮೆ.

“ದಾರ ಯಾವಾಗ ನಿಲ್ಲಿಸಿದ್ರಿ ತಾಯಿ?”

“ಏಳು ವರ್ಷ ಆಯ್ತು. ಬಿಲ್ಲೆ ಬಂದ ಮೇಲೆ ಸ್ವಲ್ಪ ದಿನ ಎರಡೂ ಇತ್ತು.”

“ಮೊದಲನೇ ಬಿಲ್ಲೆ ಯಾರಿಗೆ ಇಟ್ರಿ, ನೆನಪಿದೆಯಾ?”

ಡಾಕ್ಟರಮ್ಮ ಮೇಲಿನ ಕನ್ನಡಕ ತೆಗೆದರು. ಅವರ ಮುಖದಲ್ಲಿ ಹಳೆಯ ಹಾಡು ಕೇಳಿದವರ ಮೆದುತನವೊಂದು ಬಂದಿತು.

“ಅದು ಹೇಗೆ ಮರೀತೀನಿ? ಕ್ಲಾರಿಯೋನೆಟ್ ಊದೋರು. ಮೇಲಿನ ಮುಂದಿನ ಮೂರು ಹಲ್ಲಿಗೆ ಆಳವಾದ ಸಂದು. ವಾದ್ಯದ ಬಾಯಿ ದಿನಾ ಒತ್ತಿ ಒತ್ತಿ ಹಲ್ಲು ಅಲ್ಲಾಡೋಕೆ ಶುರುವಾಗಿತ್ತು. ದಾರ, ಅಂಟು ಹಾಕಿದ್ರೆ ಹತ್ತು ದಿನ ಊದೋ ಹಾಗಿಲ್ಲ. ‘ಡಾಕ್ಟರಮ್ಮ, ಹಲ್ಲು ಹೋದ್ರೆ ನಾನು ಬರೀ ಕೇಳೋ ಮನುಷ್ಯ ಆಗಿಬಿಡ್ತೀನಿ’ ಅಂದ್ರು. ಆ ವಾರವೇ ಬಿಲ್ಲೆ ಬಂದಿತ್ತು. ಮೂರು ಬಿಲ್ಲೆ ಇಟ್ಟೆ. ಪಾಪ, ಅದಾಗಿ ಮೂರು ವಾರಕ್ಕೆ ಹೊಳೆಯಲ್ಲಿ ಸಿಕ್ಕಿದ್ರಂತೆ.”

ಕೋಣೆಯ ಹೊರಗೆ ಆ ಮೊಣಕೈ ಅಲುಗಿತು.

ಇಲ್ಲಿ ಒಂದು ಮಾತು ಹೇಳಬೇಕು. ನಿಧಾನಪ್ಪ ತನ್ನ ಇಡೀ ನೌಕರಿಯಲ್ಲಿ ಒಂದೇ ಒಂದು ಸಲ ಅವಸರ ಮಾಡಿದ್ದ. ಹೊಳೆಯಲ್ಲಿ ಸಿಕ್ಕಿದ ಹೆಣ ಹದಿನೆಂಟು ದಿನ ನೀರಲ್ಲಿದ್ದದ್ದು. ಮುಖ ಉಳಿದಿರಲಿಲ್ಲ. ಮೈಮೇಲೆ ಮೇಷ್ಟ್ರ ಕೋಟಿತ್ತು. ಬಾಯಲ್ಲಿ, ವಸಡಿನ ಒಳಗೆ, ಹಳದಿ ದಾರವಿತ್ತು. ಅಂಥ ದಾರ ಇಡುವವರು ಆ ಊರಿಗೆ ಒಬ್ಬರೇ. ನಿಧಾನಪ್ಪ ಈ ಆಸ್ಪತ್ರೆಯ ಕೌಂಟರಿನ ಮುಂದೆ ಬಂದು ನಿಂತು, ಕೂರದೆ, ‘ಮೇಷ್ಟ್ರ ಫೈಲಲ್ಲಿ ದಾರ ಇಟ್ಟಿದೆಯಾ ನೋಡಿ’ ಎಂದಿದ್ದ. ‘ಇಟ್ಟಿದೆ ಸಾರ್, ಸ್ಟಾಂಪಿದೆ’ ಎಂಬ ಉತ್ತರ ಬಂದಿತ್ತು. ಮಗಳ ನಿಶ್ಚಿತಾರ್ಥದ ದಿನ ಅದು. ಕಾರು ಕಾಯುತ್ತಿತ್ತು. ಹೆಣ ಮೇಷ್ಟ್ರದೇ ಎಂದು ಆತ ಸಹಿ ಹಾಕಿ ಹೊರಟುಹೋಗಿದ್ದ.

ಆ ಸಹಿಯ ಮೇಲೆ ಒಬ್ಬ ಹೆಂಗಸು ಏಳು ವರ್ಷ ವಿಧವೆಯಾಗಿ ಬದುಕಿದ್ದಳು.

“ಆ ಫೈಲು ನೋಡಬಹುದಾ?”

“ಬೇರೆಯವರ ಫೈಲು ತೋರಿಸಲ್ಲ ಯಜಮಾನ್ರೇ,” ಎಂದಳು ಚೀಟಿಯಕ್ಕ. ಐವತ್ತರ ಆಸುಪಾಸು. ಕೈಯಲ್ಲಿ ಪೆನ್ನು ಹಿಡಿದೇ ಹುಟ್ಟಿದವಳಂತೆ ಹಿಡಿದಿದ್ದಳು. “ಮೀಸೆ ತೆಗೆದ್ರೆ ಗುರುತು ಸಿಗಲ್ಲ ಅಂದ್ಕೊಂಡ್ರಾ? ಅವತ್ತು ಒಂದು ನಿಮಿಷ ಕೂತ್ಕೊಳ್ಳಿ ಅಂದೆ, ಕೂರಲಿಲ್ಲ ನೀವು. ಇವತ್ತು ಒಂದು ಗಂಟೆ ಮಲಗಿದ್ದೀರ.”

“ತಪ್ಪಾಯ್ತಮ್ಮ. ಅದನ್ನ ತಿದ್ದೋಕೇ ಬಂದಿರೋದು.”

ಹೊಲಿಗೆಯಾಕೆ ಆಗಲೇ ಬಾಗಿಲಲ್ಲಿ ನಿಂತಿದ್ದಳು. ಬೆರಳುಗಳಲ್ಲಿ ಸೂಜಿಯ ಚುಕ್ಕೆಗಳು, ಕುತ್ತಿಗೆಗೆ ಮರೆತು ಹಾಕಿಕೊಂಡೇ ಬಂದಿದ್ದ ಅಳತೆ ಟೇಪು.

“ನಾನು ಆ ಮೇಷ್ಟ್ರ ಮನೆಯವಳು,” ಎಂದಳು. “ತೋರಿಸಿ ಅಕ್ಕ. ಏಳು ವರ್ಷದಿಂದ ಪ್ರತಿ ಶುಕ್ರವಾರ ಒಂದು ಗುಡ್ಡೆ ಮಣ್ಣಿನ ಜೊತೆ ಮಾತಾಡ್ತಿದ್ದೀನಿ. ಯಾರ ಜೊತೆ ಮಾತಾಡ್ತಿದ್ದೀನಿ ಅಂತ ತಿಳೀಬೇಕು, ಅಷ್ಟೇ.”

ಚೀಟಿಯಕ್ಕ ಡಾಕ್ಟರಮ್ಮನ ಮುಖ ನೋಡಿದಳು. ಅವರು ತಲೆಯಾಡಿಸಿದರು.

ಫೈಲು ತೆಳ್ಳಗಿತ್ತು. ಮೇಲೆ ಹಲ್ಲುಗಳ ಚಿತ್ರ, ಹಲ್ಲೊಂದಕ್ಕೆ ಆರು ಅಂಕಿಗಳಂತೆ ಸಾಲುಸಾಲು. ಮುಂದಿನ ಮೂರು ಹಲ್ಲುಗಳ ಕೆಳಗೆ ಆರು, ಏಳು, ಆರು. ಅದರ ಅಡಿಯಲ್ಲಿ ನೇರಳೆ ಶಾಯಿಯ ರಬ್ಬರ್ ಸ್ಟಾಂಪು: ‘ದಾರ ಇಟ್ಟಿದೆ. ಹತ್ತನೆಯ ದಿನ ತೆಗೆಯುವುದು.’

“ನೋಡಿ, ಇದೆಯಲ್ಲ,” ಎಂದಳು ಚೀಟಿಯಕ್ಕ. ದನಿಯಲ್ಲಿ ಗೆದ್ದವರ ಸಣ್ಣ ಗತ್ತು.

“ನಾನು ಬಿಲ್ಲೆ ಇಟ್ಟೆ. ದಾರ ಇಡಲಿಲ್ಲ,” ಎಂದರು ಡಾಕ್ಟರಮ್ಮ.

ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಇಪ್ಪತ್ತೆರಡು ವರ್ಷ ಒಂದೇ ಕೋಣೆಯಲ್ಲಿ, ಒಬ್ಬರು ಹೇಳಿ ಒಬ್ಬರು ಬರೆದು ಬಂದವರು. ಹೇಳಿದ್ದಕ್ಕೂ ಬರೆದದ್ದಕ್ಕೂ ನಡುವೆ ಸಂದು ಬಿಟ್ಟೀತೆಂದು ಇಬ್ಬರೂ ಎಣಿಸಿರಲಿಲ್ಲ.

ಮೂರು ಗಂಟೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ನಿಧಾನಪ್ಪ ಹಾಳೆಯನ್ನು ಅದರೆದುರು ಹಿಡಿದು, ಮೇಲೆ ಕೆಳಗೆ ವಾಲಿಸಿದ. ಎರಡು ಸಲ, ಮೂರು ಸಲ. ನಾಲ್ಕನೆಯ ಸಲಕ್ಕೆ ನೇರಳೆ ಶಾಯಿಯ ಅಡಿಯಲ್ಲಿ ಏನೋ ಮಿನುಗಿತು. ಸೀಸದಕಡ್ಡಿಯ ಗೀರು.

“ಇದು ನಿಮ್ಮ ಬರಹವಾ ತಾಯಿ?”

ಡಾಕ್ಟರಮ್ಮ ಎರಡು ಕನ್ನಡಕಗಳನ್ನೂ ಹಾಕಿಕೊಂಡು ಬಾಗಿದರು. “ಬಿಲ್ಲೆ, ಮೂರು, ಮುಂಭಾಗ. ನಾನೇ ಬರೆದದ್ದು. ಇದರ ಮೇಲೆ ಸ್ಟಾಂಪು ಯಾಕೆ ಬಿತ್ತು?”

ಚೀಟಿಯಕ್ಕ ಮೆಲ್ಲಗೆ ಸ್ಟೂಲಿನ ಮೇಲೆ ಕೂತಳು.

“ಅದುವರೆಗೆ ಈ ಕುರ್ಚಿಯಿಂದ ಎದ್ದೋರಿಗೆಲ್ಲ ದಾರವೇ ಇತ್ತು ಡಾಕ್ಟರಮ್ಮ. ನೀವು ‘ಔಷಧಿ ಇಟ್ಟಾಯ್ತು’ ಅಂತಿದ್ರಿ, ನಾನು ಒತ್ತುತ್ತಿದ್ದೆ. ನಮ್ಮಲ್ಲಿದ್ದದ್ದೂ ಒಂದೇ ಸ್ಟಾಂಪು. ಅವತ್ತು ನೀವು ‘ಔಷಧಿ ಇಟ್ಟಾಯ್ತು’ ಅಂದ್ರಿ. ಕೈ ಒತ್ತಿಬಿಡ್ತು.” ಹಾಳೆಯ ಸ್ಟಾಂಪನ್ನು ಬೆರಳಿಂದ ತೋರಿಸಿದಳು. “ಮನಸ್ಸು ಅವತ್ತು ಇಲ್ಲಿರಲಿಲ್ಲ.”

ನಿಧಾನಪ್ಪ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದ. ಶವಪರೀಕ್ಷೆಯ ವರದಿಯ ಪ್ರತಿ. ಏಳು ವರ್ಷದ ಹಿಂದೆ ಆತ ಅದರಲ್ಲಿ ‘ದಾರ’ ಎಂಬ ಪದದವರೆಗೆ ಮಾತ್ರ ಓದಿದ್ದ. ಮುಂದಿನ ಸಾಲು ಅಲ್ಲೇ ಇತ್ತು, ಯಾರಾದರೂ ಓದಲಿ ಎಂದು ಕಾದುಕೊಂಡು. ಕಳೆದ ವಾರ ಆತ ಅದನ್ನು ಓದಿದ್ದ, ಈಗ ಓದಿ ಹೇಳಲಿಲ್ಲ. ಕಾಗದವನ್ನು ಮೊಣಕಾಲ ಮೇಲೆ ಬೋರಲಾಗಿಟ್ಟ.

“ತಂಗಿ,” ಎಂದ ಹೊಲಿಗೆಯಾಕೆಯತ್ತ ತಿರುಗಿ, “ನಿಮ್ಮ ಯಜಮಾನರ ಬಾಯಲ್ಲಿ ದಾರ ಇರಲಿಲ್ಲ. ಮಣ್ಣಲ್ಲಿ ಇರೋರು ಅವರಲ್ಲ.”

ಅವಳು ಅಳುವಳೆಂದು ಎಲ್ಲರೂ ಅಂದುಕೊಂಡರು. ಅಳಲಿಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಅವಳ ತುಟಿ ಅಲುಗುತ್ತಿತ್ತು. ದೇವರಿಗೋ, ಗಂಡನಿಗೋ, ಯಾರಿಗೆ ಹೇಳಿಕೊಂಡಳೋ.

“ನಾನು ಅವರ ಅಂಗಿ ಒಂದೂ ಯಾರಿಗೂ ಕೊಡಲಿಲ್ಲ ಅಣ್ಣ,” ಎಂದಳು ಕೊನೆಗೆ. “ವರ್ಷಕ್ಕೊಂದು ಸಲ ಕಾಲರು ಬಿಚ್ಚಿ ತಿರುಗಿಸಿ ಹೊಲೀತೀನಿ. ತೊಟ್ಟು ಸವೆದಿದ್ರೆ ತಾನೇ ಕಾಲರು ತಿರುಗಿಸೋದು, ಇವಳಿಗೇನು ತಲೆ ಕೆಟ್ಟಿದೆಯಾ ಅಂತ ಪಕ್ಕದ ಮನೆಯವರು ನಗ್ತಾರೆ. ಬಂದಾಗ ಹಳೇದು ಅನ್ನಿಸಬಾರದು ಅಂತ.”

ಡಾಕ್ಟರಮ್ಮ ಮುಖ ತಿರುಗಿಸಿ ಬಟ್ಟಲಿನ ಕಡ್ಡಿಗಳನ್ನು ಸುಮ್ಮನೆ ಜೋಡಿಸತೊಡಗಿದರು.

ನಿಧಾನಪ್ಪನಿಗೆ ಆ ಸಂತೋಷದಲ್ಲಿ ಒಂದು ಕ್ಷಣ ಕೂತಿರುವ ಆಸೆಯಾಯಿತು. ಕೂರುವಂತಿರಲಿಲ್ಲ. ಮಣ್ಣಲ್ಲಿರುವವನು ಮೇಷ್ಟ್ರಲ್ಲದಿದ್ದರೆ ಮತ್ತೊಬ್ಬ. ಅವನ ಬಾಯಲ್ಲಿ ದಾರವಿತ್ತು. ಹತ್ತನೆಯ ದಿನ ತೆಗೆಸಿಕೊಳ್ಳಬೇಕಾದ ದಾರ.

“ಚೀಟಿಯಕ್ಕ, ಇನ್ನೊಂದು ಮಾತು. ಆ ತಿಂಗಳು ದಾರ ಇಡಿಸಿಕೊಂಡೋರಲ್ಲಿ, ಮೇಷ್ಟ್ರ ಹೆಸರು ಬಿಟ್ಟು, ತೆಗೆಸೋಕೆ ಬಾರದೆ ಹೋದೋರು ಇದ್ದಾರಾ?”

“ಇಲ್ಲ.” ಉತ್ತರ ತಟ್ಟನೆ ಬಂತು. “ನನ್ನ ರಿಜಿಸ್ಟರಲ್ಲಿ ಹಾಗೆ ಆಗಲ್ಲ. ಒಂಬತ್ತನೇ ದಿನ ಫೋನ್ ಮಾಡ್ತೀನಿ. ಹನ್ನೊಂದನೇ ದಿನ ಮನೆಗೇ ಹೋಗ್ತೀನಿ. ಒಬ್ಬ ಕಂಡಕ್ಟರನ್ನ ಬಸ್ಸಿಂದ ಇಳಿಸ್ಕೊಂಡು ಬಂದಿದ್ದೀನಿ, ಕೇಳಿ ಡಾಕ್ಟರಮ್ಮನ್ನ. ಪ್ರಯಾಣಿಕರೆಲ್ಲ ಬೈದ್ರು.”

“ಸೀಟಿ ಕೂಡ ಕಿತ್ಕೊಂಡು ಬಂದಿದ್ಲು,” ಎಂದರು ಡಾಕ್ಟರಮ್ಮ.

“ದಾರ ಒಳಗೇ ಬಿಟ್ರೆ ಕೀವು ಕಟ್ಟತ್ತೆ. ಅದಕ್ಕೇ. ಒಬ್ಬರನ್ನೂ ಬಿಟ್ಟಿಲ್ಲ.” ಪೆನ್ನಿನ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದಳು. “ಒಬ್ಬನ್ನ ಬಿಟ್ಟು.”

“ಯಾರು?”

“ನನ್ನ ತಮ್ಮ.”

ಅವಳು ತಾನಾಗಿಯೇ ಎದ್ದು, ಬೀರುವಿನ ಅಡಿಯಿಂದ ಉದ್ದನೆಯ ರಿಜಿಸ್ಟರೊಂದನ್ನು ಎಳೆದು, ಹುಡುಕದೆ ಒಂದೇ ಸಲಕ್ಕೆ ಆ ಪುಟ ತೆರೆದಳು. ಆ ಪುಟ ಎಷ್ಟು ಸಲ ತೆರೆದಿತ್ತೋ, ಪುಸ್ತಕದ ಬೆನ್ನು ಅಲ್ಲಿಗೇ ಸೀಳು ಬಿಟ್ಟಿತ್ತು.

ಒಂದು ಮಂಗಳವಾರ. ಹನ್ನೊಂದು ಗಂಟೆಗೆ ಮೇಷ್ಟ್ರ ಹೆಸರು. ಹನ್ನೊಂದೂವರೆಗೆ ಹೆಸರಿಲ್ಲದೆ ‘ನಮ್ಮವರು’ ಎಂದಷ್ಟೇ.

“ಇಲ್ಲಿ ಕೆಲಸ ಮಾಡೋರ ಮನೆಯವರಿಗೆ ಫೈಲು ಮಾಡಲ್ಲ,” ಎಂದು ಡಾಕ್ಟರಮ್ಮ ವಿವರಿಸಿದರು. “ನಮ್ಮವರು ಅಂತ ಬರೆದು ಸುಮ್ಮನೆ ನೋಡಿಬಿಡೋದು.”

ಹತ್ತು ದಿನ ಮುಂದಿನ ತಾರೀಖಿಗೆ, ತೆಗೆಯಬೇಕಾದವರ ಪಟ್ಟಿಯಲ್ಲಿ, ಮತ್ತೆ ‘ನಮ್ಮವರು’. ಅದರೆದುರಿನ ಚೌಕ ಖಾಲಿ.

“ಇಪ್ಪತ್ತಾರು ವರ್ಷ ಅವನಿಗೆ,” ಎಂದಳು ಚೀಟಿಯಕ್ಕ. ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಇಂಥ ಮಾತು ಕೇಳುವವರಿಗಾಗಿ ಕಾದಿದ್ದವಳ ಹಾಗೆ. “ಪ್ರಿಂಟಿಂಗ್ ಪ್ರೆಸ್ಸಲ್ಲಿ ಕೆಲಸ. ಅಮ್ಮ ಹೋದಾಗ ನಾಲ್ಕು ವರ್ಷ, ನಾನೇ ಸಾಕಿದ್ದು. ಸರಿಯಾಗಿ ಹಲ್ಲುಜ್ಜು ಅಂದ್ರೆ ಕೇಳ್ತಿರಲಿಲ್ಲ. ವಸಡಿನ ಡಾಕ್ಟರ ಹತ್ತಿರ ಕೆಲಸ ಮಾಡೋಳ ತಮ್ಮನಿಗೇ ವಸಡಿನ ರೋಗ, ನಾಚಿಕೆಯಾಗಿತ್ತು ನನಗೆ. ಎಳ್ಕೊಂಡು ಬಂದು ಕೂರಿಸಿದೆ. ಈ ಬೆಂಚಲ್ಲಿ ಮೇಷ್ಟ್ರ ಪಕ್ಕ ಕೂತ. ಮೇಷ್ಟ್ರು ಪೆಟ್ಟಿಗೆ ತೆಗೆದು ವಾದ್ಯ ತೋರಿಸಿದ್ರು. ಅಷ್ಟೇ. ಮನೆಗೆ ಬಂದು ‘ಅಕ್ಕ, ನಾನು ಊದೋಕೆ ಕಲೀತೀನಿ’ ಅಂದ. ಊದಿ ಯಾರ ಹೊಟ್ಟೆ ತುಂಬತ್ತೆ ಅಂದೆ. ಎರಡು ದಿನ ಜಗಳ. ಗುರುವಾರ ಬೆಳಗ್ಗೆ ‘ಹಡಗು ಹತ್ತಿ ಹೋಗ್ತೀನಿ, ಹುಡುಕಬೇಡ’ ಅಂತ ಹೊರಟ. ಹೋಗೋ ಅಂದೆ.”

ಅವಳು ಬೆರಳ ತುದಿಯಿಂದ ಆ ಖಾಲಿ ಚೌಕವನ್ನು ಸವರಿದಳು.

“ಹೋಗೋ ಅಂತ ಅಂದೆ. ಆಮೇಲೆ ನೆನಪಾಯ್ತು, ಬಾಯಲ್ಲಿ ದಾರ ಇದೆ ಅಂತ. ಏಳು ವರ್ಷದಿಂದ ಅದೇ ಒಂದು ಯೋಚನೆ. ಯಾವ ಊರಲ್ಲಿ ಇಳಿದನೋ, ಅಲ್ಲಿ ಯಾರಾದ್ರೂ ತೆಗೆದ್ರೋ ಇಲ್ವೋ. ತಾನೇ ಉಗುರು ಹಾಕಿ ಎಳ್ಕೊಂಡನೋ ಏನೋ. ಮೊದಲೇ ನೋವು ತಡೆಯೋನಲ್ಲ.”

ನಿಧಾನಪ್ಪನಿಗೆ ತನ್ನ ಮೊಣಕಾಲ ಮೇಲಿನ ಕಾಗದ ಕಲ್ಲಿನಷ್ಟು ಭಾರವೆನಿಸಿತು. ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಅದನ್ನು ಕೇಳದೆ ಎದ್ದುಹೋಗುವ ದಾರಿ ತೋರಿಸಪ್ಪ ಎಂದು ಒಳಗೇ ದೇವರನ್ನು ಕೇಳಿಕೊಂಡ. ದೇವರು ತೋರಿಸಲಿಲ್ಲ.

“ಯಾವ ಕಡೆ ಇಟ್ಟಿದ್ರು ತಂಗಿ, ದಾರ?”

“ಕೆಳಗೆ, ಬಲಗಡೆ. ಕೊನೇ ಎರಡು ದವಡೆಹಲ್ಲಿಗೆ.” ಹೇಳಿ ಮುಗಿಸಿ, ಆತನ ಮುಖ ನೋಡಿದಳು. ಆಮೇಲೆ ಕಾಗದ ನೋಡಿದಳು. “ಯಾಕೆ?”

ಅವಳೇ ಕೈ ಚಾಚಿ ಕಾಗದ ತೆಗೆದುಕೊಂಡಳು. ಏಳು ವರ್ಷದ ಹಿಂದೆ ನಿಧಾನಪ್ಪ ಓದದೆ ಬಿಟ್ಟ ಸಾಲನ್ನು, ತನ್ನ ಅಭ್ಯಾಸದಂತೆ, ಬಾಯಿಬಿಟ್ಟು ಓದಿದಳು. ಡಾಕ್ಟರಮ್ಮ ಹೇಳಿದ್ದನ್ನು ತಿರುಗಿ ಹೇಳುವಾಗಿನ ಅದೇ ದನಿ.

“ಕೆಳದವಡೆ. ಬಲಗಡೆ. ಕೊನೆಯ ಎರಡು ದವಡೆಹಲ್ಲುಗಳ ಸುತ್ತ. ಹಳದಿ ದಾರ.”

ಡಾಕ್ಟರಮ್ಮ ಬಂದು ಅವಳ ಹೆಗಲ ಮೇಲೆ ಕೈಯಿಟ್ಟರು. ಚೀಟಿಯಕ್ಕ ಕಾಗದವನ್ನು ಇದ್ದ ಮಡಿಕೆಗಳಲ್ಲೇ ಮಡಚಿದಳು, ಒಂದು, ಎರಡು, ಮೂರು, ನಾಲ್ಕು.

“ಹಾಗಾದ್ರೆ ಯಾರೂ ತೆಗೆಯಲಿಲ್ಲ,” ಎಂದಳು.

ಆಮೇಲೆ ಹೊಲಿಗೆಯಾಕೆಯ ಕಡೆಗೆ ತಿರುಗಿದಳು. “ನೀವು ಪ್ರತಿ ಶುಕ್ರವಾರ ಹೋಗ್ತಿದ್ರಲ್ಲ ಅಕ್ಕ. ಏನು ಮಾತಾಡ್ತಿದ್ರಿ?”

ಹೊಲಿಗೆಯಾಕೆ ಬೆರಳಿಗೆ ಸುತ್ತಿದ್ದ ಟೇಪು ಬಿಚ್ಚಿದಳು. “ಏನೇನೋ. ಮನೆ ವಿಷಯ. ಹುಲ್ಲು ಕೀಳ್ತಿದ್ದೆ. ಬೇಸಿಗೇಲಿ ನೀರು ಹಾಕ್ತಿದ್ದೆ. ಒಂದು ಗಿಡ ನೆಟ್ಟಿದ್ದೀನಿ, ಈ ವರ್ಷ ನೆರಳು ಕೊಡ್ತಿದೆ.”

“ಒಳ್ಳೇದಾಯ್ತು. ಒಬ್ಬನೇ ಇರಲಿಲ್ಲ ಹಾಗಾದ್ರೆ.”

ಹೊಲಿಗೆಯಾಕೆ ಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು. ಒಬ್ಬಳಿಗೆ ಬದುಕಿ ಬಂದದ್ದು ಇನ್ನೊಬ್ಬಳಿಗೆ ಸತ್ತು ಹೋಗಿತ್ತು. ಆದರೂ ಕೈಗಳು ಒಂದನ್ನೊಂದು ಹುಡುಕಿಕೊಂಡವು.

ನಿಧಾನಪ್ಪನ ಮನಸ್ಸಿನಲ್ಲಿ ಒಂದು ಗಂಟು ಮಾತ್ರ ಬಿಚ್ಚದೆ ಉಳಿದಿತ್ತು. ತಮ್ಮನ ಮೈಮೇಲೆ ಮೇಷ್ಟ್ರ ಕೋಟು ಹೇಗೆ ಬಂತು? ಆತ ಅದನ್ನು ಬಾಯಿಬಿಟ್ಟು ಕೇಳಿದನೋ ಇಲ್ಲವೋ, ಹೊಲಿಗೆಯಾಕೆ ತಟ್ಟನೆ ಕೈ ಬಿಡಿಸಿಕೊಂಡು ಎದ್ದಳು.

“ಕೋಟು ನಾನೇ ಕೊಟ್ಟೆ.”

“ಏನು?”

“ಅವರು ಕಾಣೆಯಾದ ದಿನ, ಗುರುವಾರ, ಹೊಳೆ ಹತ್ತಿರ ಅಭ್ಯಾಸಕ್ಕೆ ಹೋಗೋವಾಗ ಕೋಟು ಹಾಕ್ಕೊಂಡಿರಲಿಲ್ಲ ಅಣ್ಣ. ಸಂಜೆ ಐದಕ್ಕೆ ಒಬ್ಬರು ಬಂದು ಬಾಗಿಲು ತಟ್ಟಿದ್ರು. ಎಳೇ ವಯಸ್ಸಿನೋರು, ನಮ್ಮ ಯಜಮಾನ್ರಷ್ಟೇ ಎತ್ತರ. ‘ಮೇಷ್ಟ್ರು ಕೋಟು ಇಸ್ಕೊಂಡು ಬಾ ಅಂದ್ರು, ಹೊಳೆ ಹತ್ತಿರ ಚಳಿ’ ಅಂದ್ರು. ಕೊಟ್ಟೆ. ಆಮೇಲೆ ಹೆಣದ ಮೇಲೆ ಅದೇ ಕೋಟಿತ್ತು. ಸರಿ, ತಲುಪಿಸಿದ್ದಾರೆ, ಇವರು ಹಾಕ್ಕೊಂಡಿದ್ದಾರೆ ಅಂದ್ಕೊಂಡೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.” ಅವಳ ಕಣ್ಣು ಚೀಟಿಯಕ್ಕನ ಮೇಲೆ ನೆಟ್ಟಿತು. “ಕೋಟು ಇಸ್ಕೊಂಡು ನಕ್ಕರು. ಬಲಗೆನ್ನೆ ಸ್ವಲ್ಪ ಊದಿತ್ತು. ಒಳಗೆ ಹಳದಿ ಏನೋ ಕಾಣಿಸ್ತು. ಊಟದ ಚೂರು ಅಂದ್ಕೊಂಡು, ಬಾಯಿ ಮುಕ್ಕಳಿಸೋಕೆ ನೀರು ಬೇಕಾ ಅಂತ ಕೇಳಿದ್ದೆ.”

“ನಕ್ಕನಾ?” ಎಂದಳು ಚೀಟಿಯಕ್ಕ.

“ನಕ್ಕರು.”

ಒಬ್ಬ ಮನುಷ್ಯ ತನ್ನದೇ ಎತ್ತರದ ಇನ್ನೊಬ್ಬನಿಗೆ, ತನ್ನ ಕೋಟು ತರಿಸಿ, ಹೊಳೆಯ ಬಳಿ ತೊಡಿಸುತ್ತಾನೆ. ಹದಿನೆಂಟು ದಿನದ ಮೇಲೆ ಒಂದು ಹೆಣ ಸಿಗುತ್ತದೆ. ಕೋಟು ತರಿಸಿದವನು ಏಳು ವರ್ಷ ಎಲ್ಲೋ ಕೂತು ರೀಡು ಕೆತ್ತುತ್ತಾನೆ. ಇದನ್ನು ನಿಧಾನಪ್ಪ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ. ಹೊಲಿಗೆಯಾಕೆಯ ಮುಖದಲ್ಲಿ ಈಗಷ್ಟೇ ಹತ್ತಿಕೊಂಡಿದ್ದ ದೀಪ ಆರಲಿಲ್ಲ. ಆದರೆ ಅದರ ಬೆಳಕಿನಲ್ಲಿ ಅವಳಿಗೆ ಬೇಡದ್ದೇನೋ ಕಾಣತೊಡಗಿತ್ತು.

ಸೆರಗಿನ ಗಂಟು ಬಿಚ್ಚಿ, ರೀಡನ್ನು ತೆಗೆದು, ಡಾಕ್ಟರಮ್ಮನ ಬಟ್ಟಲಿನಲ್ಲಿ ಕಡ್ಡಿಗಳ ಪಕ್ಕ ಇಟ್ಟಳು.

“ಅವರು ಅಂಥೋರಲ್ಲ,” ಎಂದಳು. “ಇರುವೆ ಕಂಡ್ರೆ ಕಾಲು ಎತ್ತಿಡೋರು.”

ಹೊರಗೆ ಫೋನು ಬಡಿದುಕೊಂಡಿತು.

ನಾಲ್ವರೂ ಬಾಗಿಲ ಕಡೆ ನೋಡಿದರು. ಆಗ ನಿಧಾನಪ್ಪನಿಗೆ ಮಧ್ಯಾಹ್ನ ಕೇಳಿ ಬಿಟ್ಟ ಮಾತು ನೆನಪಾಯಿತು. ಕರಗುವ ಔಷಧಿ ‘ಈಗಲೂ’ ಇಡುತ್ತೀರಾ ಎಂದು ಕೇಳುವವನು, ಒಮ್ಮೆ ಇಡಿಸಿಕೊಂಡವನೇ ಇರಬೇಕು. ಮುಂದಿನ ಹಲ್ಲಿಗೆ.

ಚೀಟಿಯಕ್ಕ ಎದ್ದಳು. ಆತ ತಡೆಯಲು ಕೈಯೆತ್ತಿದ. ಅವಳು ಆ ಕೈಯನ್ನು ದಾಟಿ ಹೋಗಿ ಫೋನು ಎತ್ತಿದಳು.

“ಹಲೋ. ಹೌದು, ವಸಡಿನ ಆಸ್ಪತ್ರೆ.” ಕೇಳಿಸಿಕೊಂಡಳು. “ಇ‌ಡ್ತೀವಿ. ಒಂದು ನಿಮಿಷ.”

ಹಿಂದೆಯೇ ಬಂದು ನಿಂತಿದ್ದ ಹೊಲಿಗೆಯಾಕೆಯ ಕಿವಿಗೆ ಫೋನನ್ನು ಹಿಡಿದಳು. ಆ ಕಡೆ ಯಾರೋ ಗಂಟಲು ಸರಿಮಾಡಿಕೊಂಡರು. ಹಲ್ಲುಗಳ ನಡುವೆ ಗಾಳಿ ಸೋರುವ ದನಿಯಲ್ಲಿ, “ಮುಂದಿನ ಹಲ್ಲು ಅಲ್ಲಾಡ್ತಿದೆ. ಊದೋಕೆ ಆಗ್ತಿಲ್ಲ,” ಎಂದರು.

ಹೊಲಿಗೆಯಾಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಏಳು ವರ್ಷ ಅವಳು ಮಣ್ಣಿಗೆ ಹೇಳಿದ್ದೆಲ್ಲ ಗಂಟಲಿಗೆ ಬಂದಿತ್ತು. ಎಲ್ಲಿದ್ದೀರಿ, ಊಟ ಆಯ್ತಾ, ಯಾಕೆ ಹೋದಿರಿ. ಒಂದು ಮಾತು, ಅವಳ ಒಂದೇ ಮಾತು ಕೇಳಿದರೆ ಆತ ಗುರುತು ಹಿಡಿಯುತ್ತಿದ್ದ. ಓಡಿ ಬರುತ್ತಿದ್ದನೋ, ಓಡಿ ಹೋಗುತ್ತಿದ್ದನೋ. ಅವಳು ಚೀಟಿಯಕ್ಕನ ಮುಖ ನೋಡಿದಳು. ಆ ಮುಖ ಏನನ್ನೂ ಬೇಡಲಿಲ್ಲ. ಕಾಯುತ್ತಿತ್ತು, ಅಷ್ಟೇ. ಕಾಯುವುದು ಅದಕ್ಕೆ ರೂಢಿಯಾಗಿತ್ತು.

ಹೊಲಿಗೆಯಾಕೆ ಬಾಯಿಂದ ಕೈ ತೆಗೆದು, ರಿಜಿಸ್ಟರಿನ ನಾಳೆಯ ಪುಟದ ಮೇಲೆ ಬೆರಳಿಟ್ಟಳು. ಹನ್ನೊಂದು ಗಂಟೆಯ ಸಾಲು ಖಾಲಿಯಿತ್ತು.

ಚೀಟಿಯಕ್ಕ ಫೋನನ್ನು ತನ್ನ ಕಿವಿಗೆ ತಂದುಕೊಂಡು, ಪೆನ್ನಿನ ಮುಚ್ಚಳ ತೆಗೆದಳು. ಇಪ್ಪತ್ತೆರಡು ವರ್ಷ ಎಲ್ಲರಿಗೂ ಹೇಳಿದ ಅದೇ ದನಿಯಲ್ಲಿ ಹೇಳಿದಳು:

“ನಾಳೆ ಹನ್ನೊಂದಕ್ಕೆ. ಊಟ ಮಾಡ್ಕೊಂಡು ಬನ್ನಿ. ಆಮೇಲೆ ತಿನ್ನೋಕೆ ಆಗಲ್ಲ.”